ಎರಡೂ ಕಾಣುವ ಮಾಸ್ಟ್ರು

ಮುರಿಗೆಪ್ಪ ಮಾಸ್ಟ್ರು ನಮ್ಮ ಊರಿಗೆ ಬಂದಿಳಿದ ದಿನ ನಾನು ಶಾಲೆಯ ಜಗಲಿಯಲ್ಲಿ ಕೂತು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ನಾನು ಆ ಶಾಲೆಯ ಹೊಲಿಗೆ ಟೀಚರು, ಹೆಸರು ಗುಲಾಬಿ. ಹೊಸ ಡ್ರಾಯಿಂಗ್ ಮಾಸ್ಟ್ರು ಬರುತ್ತಾರೆ, ನನ್ನ ಕೋಣೆಯಲ್ಲಿಯೇ ಅರ್ಧ ಜಾಗ ಅವರಿಗೆ ಬಿಟ್ಟುಕೊಡಬೇಕು ಎಂದು ಹೆಡ್‌ಮಾಸ್ಟ್ರು ಹೇಳಿದ್ದರಿಂದ ನನ್ನ ಮುಖ ಅಷ್ಟೇನೂ ಚೆನ್ನಾಗಿರಲಿಲ್ಲ. ಬಸ್ಸು ಹೋದ ಮೇಲೆ ನೋಡುತ್ತೇನೆ, ಬಿಳಿ ಪೈಜಾಮದ ತೆಳ್ಳನೆಯ ಮನುಷ್ಯರೊಬ್ಬರು ಮೈದಾನದ ನಡುವೆ ಟ್ರಂಕು ಇಟ್ಟು ನಿಂತಿದ್ದಾರೆ. ಮೂಡಕ್ಕೆ ತಿರುಗುತ್ತಾರೆ, ಪಡುವಕ್ಕೆ ತಿರುಗುತ್ತಾರೆ, ಮತ್ತೆ ಮೂಡಕ್ಕೆ. ಇಬ್ಬರು ಅಕ್ಕಂದಿರು ಒಟ್ಟಿಗೆ ಕೈಚಾಚಿ ಕರೆದರೆ ಯಾರ ಸೊಂಟಕ್ಕೆ ಹೋಗಬೇಕೆಂದು ತಿಳಿಯದ ಮಗುವಿನ ಹಾಗೆ.

ಕೊನೆಗೆ ನನ್ನನ್ನು ಕಂಡು ಹತ್ತಿರ ಬಂದರು. ಬಯಲುಸೀಮೆಯ ಮಾತು. “ಏನ್ರಿ ಅಕ್ಕೋರೇ, ಎರಡೂ ಕಡೆ ಇಷ್ಟು ಚಂದ ಇಟಗೊಂಡು ನೀವು ಮಂದಿ ಕೆಲಸಾ ಹ್ಯಾಂಗ ಮಾಡ್ತೀರಿ?”

“ಎರಡೂ ಕಡೆಯಾ?” ಎಂದೆ. “ನಿಮಗೆ ಎರಡೂ ಕಾಣ್ತದಾ?”

“ಕಾಣದ ಏನ್ರಿ? ಈ ಕಡೆ ಗುಡ್ಡ, ಆ ಕಡೆ ಸಮುದ್ರ. ಕಣ್ಣಿದ್ದವರಿಗೆಲ್ಲಾ ಕಾಣ್ತಾವ.”

ನಾನು ಎಣ್ಣೆಯ ಕುಪ್ಪಿಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎದ್ದು ನಿಂತು ಅವರನ್ನು ಸರಿಯಾಗಿ ನೋಡಿದೆ.

ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಒಂದೋ ಘಟ್ಟ ಕಾಣುತ್ತದೆ, ಇಲ್ಲವೇ ಕಡಲು ಕಾಣುತ್ತದೆ. ಎರಡೂ ಕಾಣುವುದಿಲ್ಲ. ಮಗು ಕೂರಲು ಕಲಿತ ಮೇಲೆ ಅಜ್ಜಿಯಂದಿರು ಅದನ್ನು ಶಾಲೆಯ ಮೈದಾನಕ್ಕೆ ಎತ್ತಿ ತಂದು, ಮೂಡಕ್ಕೊಮ್ಮೆ ಪಡುವಕ್ಕೊಮ್ಮೆ ತಿರುಗಿಸಿ, ಕಣ್ಣು ಯಾವ ಕಡೆ ನಿಲ್ಲುತ್ತದೆಂದು ನೋಡಿ, ಮನೆಗೆ ಹೋಗಿ ಬೆಲ್ಲ ಹಂಚುತ್ತಾರೆ. ಘಟ್ಟಗಣ್ಣಾದರೂ ಬೆಲ್ಲ, ಕಡಲುಗಣ್ಣಾದರೂ ಬೆಲ್ಲ. ಘಟ್ಟಗಣ್ಣಿನವರಿಗೆ ಮರಳು ಮುಗಿದಲ್ಲಿಂದಾಚೆ ಒಗೆದು ಹರವಿದ ಪಂಚೆಯಂಥ ಬಿಳುಪು. ಸದ್ದು ಕೇಳುತ್ತದೆ, ಕಾಲು ಒದ್ದೆಯಾಗುತ್ತದೆ, ತುಟಿಗೆ ಉಪ್ಪು ಹತ್ತುತ್ತದೆ, ನೀರು ಮಾತ್ರ ಕಾಣದು. ಕಡಲುಗಣ್ಣಿನವರಿಗೆ ಗದ್ದೆ ಮುಗಿದಲ್ಲಿಂದ ಬರಿಯ ಆಕಾಶ. ಹತ್ತಿದರೆ ಮೀನಖಂಡ ನೋಯುತ್ತದೆ, ಏದುಸಿರು ಬರುತ್ತದೆ, ಗುಡ್ಡ ಮಾತ್ರ ಇಲ್ಲ. ಹಾಗಾಗಿ ಬಸ್ಸು ಘಟ್ಟದ ಬುಡಕ್ಕೆ ಬಂದಾಗ ಡ್ರೈವರು ಬದಲಾಗುತ್ತಾನೆ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು “ಕಣ್ಣು ಯಾವ ಕಡೆ?” ಎಂದು ಕೇಳುತ್ತಾರೆ, ಬೇಡವೆನ್ನಲಿಕ್ಕಲ್ಲ, ಮನೆಯ ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ತಿಳಿಯಲಿಕ್ಕೆ. ಮೀನು ಬುಟ್ಟಿಗೆ ಬಿದ್ದ ಮೇಲೆ ಎಲ್ಲರಿಗೂ ಕಾಣುತ್ತದೆ. ಜೇನು ಡಬ್ಬಿಗೆ ಬಂದ ಮೇಲೆ ಎಲ್ಲರಿಗೂ ಕಾಣುತ್ತದೆ. ಊರು ನಡೆಯಲಿಕ್ಕೆ ಅಷ್ಟು ಸಾಕಾಗಿತ್ತು.

ನನ್ನದು ಘಟ್ಟಗಣ್ಣು. ನನ್ನ ಗಂಡ ವಾಮನ ಕಡಲಿಗೆ ಹೋಗುವವರು, ಕಡಲುಗಣ್ಣು. ನಮ್ಮ ಮನೆಗೆ ಎರಡು ಬಾಗಿಲು. ಮದುವೆಯಾದ ಹೊಸತರಲ್ಲಿ ನಾನು ಬುತ್ತಿ ಹಿಡಿದುಕೊಂಡು ಮರಳಿನ ಅಂಚಿನವರೆಗೆ ಹೋಗುತ್ತಿದ್ದೆ. ಅವರು ಬುತ್ತಿ ತೆಗೆದುಕೊಂಡು, ದೋಣಿಯನ್ನು ನೂಕುತ್ತ ಮುಂದೆ ನಡೆದರೆ ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಹೆಗಲು, ಹೀಗೆ ನನ್ನ ಕಣ್ಣೆದುರೇ ಬಿಳುಪಿನೊಳಗೆ ಅಳಿಸಿಹೋಗುತ್ತಿದ್ದರು. ಗಂಡನನ್ನು ದಿನವೂ ಒರೆಸಿಹಾಕುವುದನ್ನು ನೋಡಲು ಯಾರಿಂದ ಆಗುತ್ತದೆ? ಆಮೇಲೆ ಬುತ್ತಿಯನ್ನು ಬಾಗಿಲಲ್ಲೇ ಕೊಟ್ಟು ಹಿಂದೆ ತಿರುಗುವುದನ್ನು ಕಲಿತೆ. ಊರಿನ ಘಟ್ಟಗಣ್ಣಿನ ಹೆಂಡಂದಿರೆಲ್ಲ ಅದನ್ನು ಕಲಿತವರೇ.

ಮುರಿಗೆಪ್ಪ ಮಾಸ್ಟ್ರು ಬಂದ ಮೊದಲ ವಾರವೆಲ್ಲ ತರಗತಿ ಮುಗಿದ ಕೂಡಲೇ ಮರಳಿನ ಮೇಲೆ ಹೋಗಿ ಕೂರುತ್ತಿದ್ದರು. ನೀರಿಗೆ ಮಾತ್ರ ಇಳಿಯುತ್ತಿರಲಿಲ್ಲ. ಅವರ ಊರಿನ ಕೆರೆಯಲ್ಲೇ ಅವರಿಗೆ ಭಯವಂತೆ. ಒಂದು ದಿನ ನಾನು ಕೋಣೆಗೆ ಬಂದಾಗ ಅವರ ಕಡೆಯ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಒಂದು ಹಾಳೆ ಒಣಗುತ್ತಿತ್ತು. ಕೆಳಗೆ ಮರಳು, ನಮ್ಮವರ ದೋಣಿ, ಶೀನಪ್ಪಣ್ಣನ ಬಲೆ. ಅದರ ಆಚೆ ಒಂದು ನೀಲಿ. ನೀಲಿಯೊಳಗೆ ಹಸಿರು, ಹಸಿರಿನ ತುದಿಗೆ ಬೆಳ್ಳಗಿನ ಅಂಚು, ಅದರ ಹಿಂದೆ ಮತ್ತೊಂದು ನೀಲಿ, ಅದು ಹೋಗಿ ಹೋಗಿ ಆಕಾಶಕ್ಕೆ ಒಂದು ಗೆರೆಯಾಗಿ ತಾಗಿತ್ತು.

ಬೇರೆ ಊರುಗಳ ಕಡಲನ್ನು ನಾನು ಕ್ಯಾಲೆಂಡರಿನಲ್ಲಿ ನೋಡಿದವಳೇ. ಅದು ಯಾರದೋ ಮನೆಯ ಮದುವೆಯ ಫೋಟೋ ನೋಡಿದ ಹಾಗೆ. ನಮ್ಮ ಊರಿನ ಕಡಲನ್ನು ಫೋಟೋ ತೆಗೆದರೆ ಅದರಲ್ಲೂ ನಮಗೆ ಬಿಳುಪೇ. ಇಲ್ಲಿ ನಮ್ಮವರ ದೋಣಿ ಇತ್ತು, ದೋಣಿಯ ಮೂಗಿಗೆ ನಾನೇ ಕಟ್ಟಿದ ಕೆಂಪು ಬಟ್ಟೆ ಇತ್ತು, ಅದರ ಎದುರಿಗೆ ಇದು ಇತ್ತು.

“ಮಾಸ್ಟ್ರೇ,” ಎಂದೆ, “ಇದು ಇಷ್ಟು ಉಂಟಾ?”

“ಇದಕ್ಕೂ ಭಾಳ ಐತ್ರಿ ಅಕ್ಕೋರೇ. ಹಾಳಿ ಸಣ್ಣದು,” ಎಂದು ನಕ್ಕವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಊರಿನ ಸಂಗತಿಯನ್ನು ಅವರಿಗೆ ಆಗಲೇ ಮಕ್ಕಳು ಹೇಳಿದ್ದರು; ಅವರು ತಮಾಷೆ ಎಂದುಕೊಂಡಿದ್ದರು. ಹಲಗೆಯಿಂದ ಹಾಳೆಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು.

ಮರುದಿನ ಮುಂಜಾನೆ ನಾನು ವಾಮನರ ಅಂಗಿ ಹಿಡಿದು ನಿಂತುಬಿಟ್ಟೆ. “ಇದರೊಳಗಾ ನೀವು ಹೋಗುದು? ಈ ಸಣ್ಣ ದೋಣಿಯಲ್ಲಿ? ಬೇಡ, ಇವತ್ತು ಹೋಗುದು ಬೇಡ.”

ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಸರಿಯಾಗಿ ಬರ್ದಿದ್ದಾರೆ ಮಾರಾಯ್ತಿ. ಇದು ಸಂಜೆಯ ಇಳಿತ. ಇಗೋ ಇಲ್ಲಿ ಕಪ್ಪು ಉಂಟಲ್ಲ, ಅದು ಬಂಡೆ. ಇದರ ಬಲಗಡೆಯಿಂದ ಹೋಗ್ತೇವೆ. ಹೆದರುವ ಜಾಗ ಅಲ್ಲ ಅದು.” ನನ್ನ ಬೆರಳನ್ನು ಹಿಡಿದು ನೀಲಿಯ ಮೇಲೆ ದಾರಿ ತೋರಿಸಿದರು. ನಮ್ಮ ಮದುವೆಯಾಗಿ ಆಗಲೇ ಕೆಲವು ವರ್ಷವಾಗಿತ್ತು; ಅವರು ಎಲ್ಲಿಗೆ ಹೋಗುತ್ತಾರೆಂದು ನನಗೆ ತಿಳಿದದ್ದು ಅವತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, ಸಂಕೋಚದಿಂದ, “ಗುಲಾಬಿ, ಮಾಸ್ಟ್ರಿಗೆ ಹೇಳಿ ನಿನ್ನ ಘಟ್ಟವನ್ನೂ ಒಂದು ಬರೆಸಿ ತಾ ಆಯ್ತಾ?” ಎಂದರು.

ಘಟ್ಟದ ಚಿತ್ರವನ್ನು ಅವರ ಮುಂದೆ ಇಟ್ಟ ದಿನ ಅವರು ಊಟದ ಬಟ್ಟಲನ್ನು ಬದಿಗೆ ಸರಿಸಿ ತುಂಬ ಹೊತ್ತು ಕೂತರು. ಒಮ್ಮೆ ಎದ್ದು ಮೂಡಣ ಬಾಗಿಲಿಗೆ ಹೋಗಿ ಹೊರಗೆ ಇಣುಕಿ ಬಂದರು. ಅಲ್ಲಿ ಅವರಿಗೆ ಆಕಾಶವಲ್ಲದೆ ಏನಿದೆ? “ಇದು ಇಷ್ಟು ಹತ್ತಿರ ಉಂಟಾ?” ಎಂದರು. “ಇಷ್ಟು ದೊಡ್ಡದಕ್ಕೆ ಬೆನ್ನು ಹಾಕಿ ಕೂತಿದ್ದೆನಲ್ಲ ನಾನು.”

ಸುದ್ದಿ ನಿಲ್ಲಲಿಲ್ಲ. ಶಾಲೆಯ ಜಗಲಿಯಲ್ಲಿ ಜನ ಸೇರತೊಡಗಿದರು. ಮಾಸ್ಟ್ರು ಯಾರಿಗೂ ಇಲ್ಲವೆನ್ನದೆ ಬರೆದರು. ಮನೆಯ ಕಿಟಕಿಯಿಂದ ಬೇಕೆಂದವರಿಗೆ ಅವರ ಮನೆಗೇ ಹೋಗಿ ಬರೆದರು. ಕೊಟ್ಟದ್ದಕ್ಕೆ ಪ್ರತಿಯಾಗಿ ಬಂಗುಡೆ, ಹಲಸಿನ ಹಪ್ಪಳ, ಒಂದು ಮನೆಯಿಂದ ಒಂದು ಬೆಕ್ಕಿನ ಮರಿಯೂ ಬಂತು. ಮೀನು ತಿನ್ನದ ಮಾಸ್ಟ್ರು ಬಂಗುಡೆಯನ್ನು ಬೆಕ್ಕಿಗೆ ಹಾಕಿ ಎರಡೂ ಮನೆಯವರನ್ನು ಸಂತೋಷಪಡಿಸಿದರು.

ಆದರೆ ಎಲ್ಲರಿಗೂ ಇದು ಹಿಡಿಸಲಿಲ್ಲ. ಕಡಲನ್ನು ಕಂಡ ಹೆಂಗಸರು ಕೆಲವರು ಗಂಡಂದಿರನ್ನು ಕಳಿಸಲು ಒಪ್ಪಲಿಲ್ಲ. ದೋಣಿಗಳು ಮರಳಿನ ಮೇಲೆಯೇ ಉಳಿದವು. ಕಡಲಕೇರಿಯ ಗುರಿಕಾರರಾದ ಶೀನಪ್ಪಣ್ಣ, ಕೇರಿಯವರ ನ್ಯಾಯ ತೀರಿಸುವವರು, ಒಂದು ಸಂಜೆ ಜನರನ್ನು ಕಟ್ಟಿಕೊಂಡು ಶಾಲೆಗೇ ಬಂದರು. “ಮಾಸ್ಟ್ರೇ, ನೀವು ಒಳ್ಳೆಯವರು. ಜಗಳಕ್ಕೆ ಬಂದದ್ದಲ್ಲ. ಆದ್ರೆ ಕಾಣದ್ದನ್ನು ಕಾಣಿಸುದು ಯಾಕೆ? ನಮ್ಮ ಅಜ್ಜಂದಿರ ಕಾಲದಿಂದ ಕಾಣದೆಯೇ ನಡ್ಕೊಂಡು ಬಂದಿದೆ. ಚಿತ್ರ ಸಾಕು.”

ಮಾಸ್ಟ್ರು ತಲೆ ತಗ್ಗಿಸಿ ನಿಂತಿದ್ದರು. ಹೊಸಬರು, ಒಬ್ಬಂಟಿ. ಆಗ ಹಿಂದಿನಿಂದ ಬಾಗಿ ಎಂಬ ಅಜ್ಜಿ ಕೋಲೂರಿಕೊಂಡು ಬಂದಳು. ಊರಿನಲ್ಲಿ ಅವಳನ್ನು ತಿಳಿಯದವರಿಲ್ಲ. ಘಟ್ಟಗಣ್ಣಿನವಳು, ಹರೆಯದಲ್ಲೇ ಗಂಡ ಕಡಲಿಗೆ ಹೋದವನು ಬರಲಿಲ್ಲ. ಅಂದಿನಿಂದ ಸಂಜೆಯ ಹೊತ್ತಿಗೆ ಮರಳಿನ ಅಂಚಿಗೆ ಹೋಗಿ ಬಿಳುಪಿಗೆ ಮುಖ ಮಾಡಿ ನಿಂತು ಬರುವುದು ಅವಳ ರೂಢಿ.

“ಶೀನ, ನೀನು ಸ್ವಲ್ಪ ಸುಮ್ಮನಿರು,” ಎಂದಳು. “ಮಾಸ್ಟ್ರೇ, ನನಗೊಂದು ಬರ್ದು ಕೊಡಿ. ಆಮೇಲೆ ಬೇಕಾದ್ರೆ ನಿಲ್ಲಿಸಿ.”

ಅಜ್ಜಿಯ ಮಾತಿಗೆ ಶೀನಪ್ಪಣ್ಣ ಎದುರಾಡಲಿಲ್ಲ. ಮಾಸ್ಟ್ರು ಬಹಳ ದಿನ ತೆಗೆದುಕೊಂಡರು. ಶಾಲೆಯ ಭೂಪಟದ ಹಿಂಬದಿಗೆ ಅಂಟಿಸುವಂಥ ದೊಡ್ಡ ಬಟ್ಟೆಯನ್ನು ನಾನೇ ಎರಡು ತುಂಡು ಜೋಡಿಸಿ ಹೊಲಿದುಕೊಟ್ಟೆ. ಅದರಲ್ಲಿ ದೋಣಿ ಇರಲಿಲ್ಲ, ಮರಳೂ ಇರಲಿಲ್ಲ. ಬರಿಯ ಕಡಲು, ಬೆಳಗಿನದು. ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ ಬಟ್ಟೆಯನ್ನು ಬಿಚ್ಚಿದಾಗ ಶೀನಪ್ಪಣ್ಣನೂ ಕೇರಿಯವರೂ ಬಾಗಿಲಲ್ಲಿ ನಿಂತಿದ್ದರು.

ಅಜ್ಜಿ ಎದ್ದು ಹತ್ತಿರ ಹೋಗಿ ಅಂಗೈಯಿಂದ ಬಟ್ಟೆಯನ್ನು ಸವರಿದಳು. “ಎಲ್ಲಿದ್ದಾರೆ ಅವರು?”

ಅಲ್ಲಿದ್ದ ಯಾರೇ ಆಗಲಿ ಬೆರಳಿಟ್ಟು ಒಂದು ಜಾಗ ತೋರಿಸಿಬಿಡುತ್ತಿದ್ದರು. ಮಾಸ್ಟ್ರು ತೋರಿಸಲಿಲ್ಲ. “ಗೊತ್ತಿಲ್ಲ ಆಯೀ,” ಎಂದರು. “ಇದರಾಗ ಎಲ್ಲ್ಯರೆ ಇರಬೇಕು.”

ಅಜ್ಜಿ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. “ದೊಡ್ಡ ಜಾಗ,” ಎಂದಳು. “ಬೆಳಕು ಉಂಟು. ನಾನು ಅವರು ಎಲ್ಲೋ ಇಕ್ಕಟ್ಟಿನಲ್ಲಿ, ಕತ್ತಲೆಯಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಎಣಿಸಿದ್ದೆ.” ಮತ್ತೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. “ಇಷ್ಟು ಜಾಗ ಉಂಟಲ್ಲ. ಸಾಕು.”

ಶೀನಪ್ಪಣ್ಣ ತಲೆಯ ಮುಟ್ಟಾಳೆ ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಚಿತ್ರ ನಿಲ್ಲಿಸಬೇಕೆಂಬ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹೆಂಗಸರೂ ಮೆಲ್ಲಗೆ ಗಂಡಂದಿರನ್ನು ಕಳಿಸಿದರು, ಆದರೆ ಈಗ ಯಾವ ಬಂಡೆಯ ಯಾವ ಬದಿಯಿಂದ ಹೋಗುತ್ತೀರಿ ಎಂದು ಕೇಳಿಯೇ ಕಳಿಸುತ್ತಿದ್ದರು.

ಒಬ್ಬರೇ ಎಷ್ಟೆಂದು ಬರೆದಾರು? ಮಾಸ್ಟ್ರು ಶನಿವಾರ ಮಧ್ಯಾಹ್ನ ದೊಡ್ಡವರಿಗೂ ತರಗತಿ ಶುರುಮಾಡಿದರು. ಕಡಲುಗಣ್ಣಿನವರು ಪಡುವಕ್ಕೆ ಮುಖ ಮಾಡಿ, ಘಟ್ಟಗಣ್ಣಿನವರು ಮೂಡಕ್ಕೆ ಮುಖ ಮಾಡಿ ಮೈದಾನದಲ್ಲಿ ಕೂರುವುದು. ನಡುವೆ ಮಾಸ್ಟ್ರು ಕೈ ಹಿಂದೆ ಕಟ್ಟಿ ತಿರುಗಾಡುವುದು. ಪಾಠದಲ್ಲಿ ಮಾತ್ರ ಆ ಮೃದು ಮನುಷ್ಯ ಬೇರೆಯೇ ಆಗುತ್ತಿದ್ದರು. ನಾನು ಘಟ್ಟಕ್ಕೆಲ್ಲ ಹಸಿರು ಮೆತ್ತಿದ್ದನ್ನು ನೋಡಿ, “ಗುಡ್ಡ ಹಸಿರು ಅಂತ ನಿಮಗ ಯಾರ ಹೇಳ್ಯಾರ ಅಕ್ಕೋರೇ? ಬರ್ದದ್ದ ನೋಡಬ್ಯಾಡ್ರಿ, ಅಕಾ ಆ ಕಡೆ ನೋಡ್ರಿ,” ಎಂದು ಗದರಿದರು. ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತಿದ್ದ ಘಟ್ಟ ಹಸಿರೇ ಅಲ್ಲ. ಬುಡದಲ್ಲಿ ಹೊಗೆಯ ಬಣ್ಣ, ಮೇಲೆ ನೇರಳೆ ಹಣ್ಣಿನ ಬಣ್ಣ. ಎಲ್ಲರಿಗೂ ಅವರು ಹೇಳುತ್ತಿದ್ದದ್ದು ಒಂದೇ: “ಚಂದ ಮಾಡಾಕ ಹೋಗಬ್ಯಾಡ್ರಿ. ಕಂಡಷ್ಟ ಬರೀರಿ. ನಿಮ್ಮ ಚಿತ್ರ ನೋಡಾವ ಅದನ್ನ ಬ್ಯಾರೆ ಎಲ್ಲೂ ನೋಡಾಂಗಿಲ್ಲ. ಅವ ನಿಮ್ಮನ್ನ ನಂಬ್ಯಾನ.”

ವಾಮನರೂ ತರಗತಿಗೆ ಬರತೊಡಗಿದರು. ಹಗ್ಗ ಎಳೆದು ಎಳೆದು ಒರಟಾದ ಬೆರಳಿಗೆ ಕುಂಚ ನಿಲ್ಲುತ್ತಿರಲಿಲ್ಲ. ಆದರೆ ನೀರನ್ನು ಬರೆಯುವುದರಲ್ಲಿ ಅವರನ್ನು ಮೀರಿಸುವವರು ಊರಿನಲ್ಲಿ ಇನ್ನೊಬ್ಬರಿಲ್ಲವೆಂದು ಮಾಸ್ಟ್ರೇ ಹೇಳಿದರು. ನಮ್ಮ ಮನೆಯ ಗೋಡೆಗಳು ತುಂಬಿದವು. ಮೂಡಣ ಗೋಡೆಗೆ ಅವರ ಕಡಲು, ಪಡುವಣ ಗೋಡೆಗೆ ನನ್ನ ಘಟ್ಟ.

ಹೀಗೆ ವರ್ಷಗಳು ಹೋದವು. ಮಾಸ್ಟ್ರ ಕೂದಲು ನರೆಯಿತು. ವರ್ಗಾವಣೆ ಬಂದಾಗಲೆಲ್ಲ ಊರವರು ಹೋಗಿ ಕೈಮುಗಿದು ನಿಲ್ಲಿಸಿಕೊಂಡು ಬಂದರು. “ನಮ್ಮೂರಾಗ ನೋಟ ಹೊಂಟರ ಹೊಂಟ ಬಿಡ್ತದ ಅಕ್ಕೋರೇ, ತಾಗಾಕ ಜಾಗ ಇಲ್ಲ,” ಎಂದು ಅವರು ಒಮ್ಮೆ ಹೇಳಿದ್ದರು. “ಇಲ್ಲಿ ಎರಡೂ ಕಡೆ ಆಸರ ಐತಿ. ನಾ ಬರಿಗೈಲೆ ಬಂದಾವ. ಎಲ್ಲಾ ಇಲ್ಲೇ ಸಿಕ್ಕೇತಿ.”

ಅವರು ನಿವೃತ್ತರಾಗುವ ವರ್ಷ ಒಂದು ಸಂಜೆ ವಾಮನರು ಶಾಲೆಯಿಂದ ಬಂದವರು ನನ್ನನ್ನು ಹತ್ತಿರ ಕರೆದರು. ಮಾಸ್ಟ್ರು ಯಾರಿಗೋ ಬರೆದಿಟ್ಟ ಕಡಲಿನ ಚಿತ್ರವನ್ನು ಅವರು ನೋಡಿ ಬಂದಿದ್ದರು. “ಗುಲಾಬಿ, ಆ ಚಿತ್ರದಲ್ಲಿ ಗಾಳಿ ಸರಿ ಇಲ್ಲ. ಬಾವುಟ ಆ ಕಡೆ ಹಾರ್ತದೆ, ಅಲೆ ಈ ಕಡೆ ಒಡೀತದೆ. ಮಾಸ್ಟ್ರು ಅಂಥ ತಪ್ಪು ಮಾಡುವವರಲ್ಲ.”

ಮರುದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ನಾನು ನೇರವಾಗಿಯೇ ಕೇಳಿದೆ. “ಮಾಸ್ಟ್ರೇ, ಕಡಲು ಕಾಣ್ತದಲ್ಲ ನಿಮಗೆ?”

ಅವರು ಕುಂಚ ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆದರು. “ಮೊದಲ ಆ ದೂರದ ಗೆರಿ ಹೋತ್ರಿ,” ಎಂದರು. “ಮಂಜು ಇರಬೇಕು ಅಂದ್ಕೊಂಡೆ. ಆಮ್ಯಾಲ ನೀಲಿ ಹೋತು. ದಂಡಿ ಮ್ಯಾಲಿನ ನೊರಿ ಅಷ್ಟ ಉಳಿದಿತ್ತು, ದೀಪಾವಳಿ ಆದ ಮ್ಯಾಲ ಅದೂ ಇಲ್ಲ. ಈಗ ಬರೇ ಸಪ್ಪಳ.”

“ಹೇಳಬೇಕಿತ್ತಲ್ಲ ನಮಗೆ!”

“ನಾಚಿಕಿ ಆತು. ಎರಡೂ ಕಾಣೋ ಮಾಸ್ತರ ಅಂತ ಊರು ತಲಿ ಮ್ಯಾಲ ಇಟಗೊಂಡಿತ್ತು.” ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. ಅಳುತ್ತಿದ್ದಾರೆ ಎಂದುಕೊಂಡರೆ ಮುಖದಲ್ಲಿ ಒಂದು ಬಗೆಯ ನಗು. “ನಾ ಈಗ ಈ ಊರಾವ ಆದೆ, ಅಲ್ಲೇನ್ರಿ ಅಕ್ಕೋರೇ?”

ನನಗೆ ನಗು ಬರಲಿಲ್ಲ. ಮನೆಗೆ ಹೋಗಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಊರವರು ಸಭೆ ಸೇರಿದರು, ಈ ಸಲ ಮಾಸ್ಟ್ರ ಮನೆಯ ಅಂಗಳದಲ್ಲಿ. ಶೀನಪ್ಪಣ್ಣನಿಗೆ ಆಗ ಸೊಂಟ ಬಾಗಿತ್ತು. “ಮಾಸ್ಟ್ರೇ, ನೀವು ಇಲ್ಲಿ ಹುಟ್ಟಿದವರಲ್ಲ. ಘಟ್ಟದಾಚೆ ನಿಮ್ಮ ಊರಲ್ಲಿ ನಾಲ್ಕು ದಿನ ಇದ್ರೆ ಕಣ್ಣು ತಿರುಗಿ ಬಂದೀತು. ಹೋಗಿ. ನಮ್ಮ ದೆಸೆಯಿಂದ ನಿಮ್ಮ ಅರ್ಧ ಕಣ್ಣು ಹೋಗುದು ಬೇಡ. ನೀವು ಕೊಟ್ಟದ್ದು ನಮಗೆ ಮೂರು ತಲೆಮಾರಿಗೆ ಸಾಕು.” ಹೋಗಬೇಡಿ ಎನ್ನುವ ಆಸೆ ಅಲ್ಲಿದ್ದ ಎಲ್ಲರಿಗೂ ಇತ್ತು. ಅದನ್ನು ನುಂಗಿಕೊಂಡು, “ಹೋಗಿ” ಎನ್ನಲಿಕ್ಕೆಂದೇ ಎಲ್ಲರೂ ಬಂದಿದ್ದರು. ಮಾಸ್ಟ್ರ ತಮ್ಮನ ಮಗನೂ ಊರಿನಿಂದ ಕರೆಯುತ್ತಿದ್ದ. ಮಾಸ್ಟ್ರು ಕೊನೆಗೆ “ಆತ್ರಿ, ಹೋಗತೀನಿ,” ಎಂದರು. ಹಲಗೆ, ಹಾಳೆಯ ಸುರುಳಿ ಎಲ್ಲ ಟ್ರಂಕಿಗೆ ಹೋದವು, ದಿನದ ಬಣ್ಣದ ಚೀಲ ಮಾತ್ರ ಹೊರಗುಳಿಯಿತು. ಬೆಕ್ಕಿನ ಸಂತಾನವನ್ನು ನಾನು ವಹಿಸಿಕೊಂಡೆ.

ಹೊರಡುವ ಮುಂಚಿನ ದಿನ ವಾಮನರು ಅವರನ್ನು ಹುಡುಕಿಕೊಂಡು ಹೋದರು. “ಮಾಸ್ಟ್ರೇ, ಇಷ್ಟು ವರ್ಷ ಮರಳಿನ ಮೇಲೆ ಕೂತು ಕಡಲು ಬರ್ದಿರಿ. ಒಂದು ಸಲವೂ ದೋಣಿ ಹತ್ತಲಿಲ್ಲ. ನನ್ನ ದೋಣಿಗೆ ನೀವು ಕಾಲಿಡದೆ ಹೋದರೆ ಅದು ನನಗೆ ಯಾವಾಗಲೂ ಒಂದು ಕೊರಗು.”

ಮಾಸ್ಟ್ರು ಗಟ್ಟಿಯಾಗಿ ನಕ್ಕರು. “ಕಂಡಾಗ ಅಂಜಿ ಹತ್ತಲಿಲ್ಲ ವಾಮನಣ್ಣಾ. ಈಗ ಕಾಣೋದ ಇಲ್ಲ. ಇನ್ನ ಅಂಜೋದು ಯಾತಕ್ಕ? ನಡೀರಿ.”

“ಗುಲಾಬಿ, ನೀನೂ ಬಾ,” ಎಂದರು ವಾಮನರು. “ನಾನು ಹುಟ್ಟು ಹಾಕಬೇಕು. ಮಾಸ್ಟ್ರನ್ನು ಹಿಡ್ಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ.”

ಘಟ್ಟಗಣ್ಣಿನವರು ದೋಣಿ ಹತ್ತುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಕಾಣದ ನೀರಿನ ಮೇಲೆ ಹೋಗಿ ಕೂರಲು ಯಾರಿಗೆ ಧೈರ್ಯ? ಆದರೆ ಮಾಸ್ಟ್ರು ಹತ್ತಿ ಕೂತಾಗಿತ್ತು, ಬಣ್ಣದ ಚೀಲವನ್ನು ರೂಢಿಯ ಮೇಲೆ ಹೆಗಲಿಗೆ ಹಾಕಿಕೊಂಡಿದ್ದರು. ನಾನೂ ಸೀರೆ ಎತ್ತಿ ಕಟ್ಟಿ ಹತ್ತಿದೆ. ದೋಣಿ ಕಾಣುತ್ತಿತ್ತು, ನಾವು ಮೂವರು ಕಾಣುತ್ತಿದ್ದೆವು. ಅದರಾಚೆ ಎಲ್ಲ ಬಿಳಿ. ಮೋಡದೊಳಗೆ ಜೋಕಾಲಿ ಕಟ್ಟಿ ತೂಗಿದ ಹಾಗೆ. ನಾನು ಮಾಸ್ಟ್ರ ರಟ್ಟೆ ಹಿಡಿದೆನೋ ಅವರು ನನ್ನದನ್ನು ಹಿಡಿದರೋ ನೆನಪಿಲ್ಲ. ವಾಮನರು ಮಾತ್ರ ಅಂಗಳದಲ್ಲಿ ಕೂತವರಂತೆ ಹುಟ್ಟು ಹಾಕುತ್ತ, “ಇಗೋ ಬಂಡೆ ದಾಟಿದೆವು. ಈಗ ನೀರಿನ ಬಣ್ಣ ಬದಲಾಯ್ತು, ಮಾಸ್ಟ್ರೇ. ನಿಮ್ಮ ಡಬ್ಬಿಯಲ್ಲಿ ಕೆಳಗಿನ ಸಾಲಿನ ಎರಡನೆಯದ್ದು ಉಂಟಲ್ಲ, ಅದೇ,” ಎಂದು ಹೇಳುತ್ತಿದ್ದರು. ಮಾಸ್ಟ್ರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ತುಂಬ ದೂರ ಹೋದ ಮೇಲೆ ವಾಮನರು ಹುಟ್ಟನ್ನು ಒಳಗೆ ಎಳೆದುಕೊಂಡರು. ಮುಂದೆ ನೋಡಿದರೆ ತಲೆ ತಿರುಗುತ್ತಿತ್ತು. ಒಂದಿಷ್ಟು ನೆಲವಾದರೂ ಕಂಡರೆ ಸಾಕೆಂದು ನಾನು ಹಿಂದೆ ತಿರುಗಿದೆ. ನನ್ನ ಜೊತೆಗೆ ಮಾಸ್ಟ್ರೂ ತಿರುಗಿದರು.

ನಾನು ದಿನವೂ ನೋಡಿದ ಘಟ್ಟ ಅಲ್ಲಿ ಇರಲಿಲ್ಲ. ಅಂದರೆ ಇತ್ತು, ಇಷ್ಟು ದಿನ ದೊಡ್ಡ ಗುಡ್ಡೆ ಎಂದು ನಾವು ಹೆಸರಿಟ್ಟು ಕರೆದದ್ದು ಬುಡದಲ್ಲಿ ಒಂದು ಹೊಸ್ತಿಲಿನ ಹಾಗೆ ಇತ್ತು. ಅದರ ಹಿಂದೆ ಅದರ ಎರಡರಷ್ಟು ಎತ್ತರದ ಇನ್ನೊಂದು ಸಾಲು. ಸಾಲಿನ ನಡುವೆ ಒಂದು ಬಿರುಕು, ಬಿರುಕಿನಲ್ಲಿ ದಾರದಂತೆ ಇಳಿಯುವ ಒಂದು ನೀರು. ಅದರ ಹಿಂದೆ ಮೂರನೆಯ ಸಾಲು, ಉಸಿರು ಬಿಟ್ಟ ಕನ್ನಡಿಯಂತೆ ತೆಳ್ಳಗೆ, ಆಕಾಶದ ಅರ್ಧದವರೆಗೆ. ಅಷ್ಟೆಲ್ಲದರ ಕಾಲಬುಡದಲ್ಲಿ ನಮ್ಮ ಊರು, ನಮ್ಮ ಶಾಲೆಯ ಹಂಚು. ಊರೊಳಗೆ ನಿಂತವರಿಗೆ ಮುಂದಿನ ಗುಡ್ಡೆ ಅಡ್ಡ. ಕಡಲಿಗೆ ಬರುವವರಿಗೆ ಘಟ್ಟದ ಕಣ್ಣಿಲ್ಲ. ಇದನ್ನು ನಮ್ಮ ಊರಿನ ಯಾರೂ ಒಮ್ಮೆಯೂ ನೋಡಿರಲಿಲ್ಲ.

ಮಾಸ್ಟ್ರು ಎದ್ದು ನಿಂತುಬಿಟ್ಟರು.

“ಕೂತ್ಕೊಳ್ಳಿ ಮಾಸ್ಟ್ರೇ, ದೋಣಿ ಮಗುಚ್ತದೆ!” ಎಂದು ವಾಮನರು ಕೂಗಿದರು. ನಾನು ಅವರ ಅಂಗಿ ಹಿಡಿದು ಎಳೆದು ಕೂರಿಸಿದೆ. ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. “ಅಕ್ಕೋರೇ, ನಿಮಗೂ ಕಾಣ್ತದಲ್ಲಾ? ನನ್ನ ಕಣ್ಣಿನ ಮೋಸ ಅಲ್ಲಲ್ಲಾ?”

“ಅಲ್ಲ ಮಾಸ್ಟ್ರೇ. ಮೂರು ಸಾಲು. ನಡುವೆ ನೀರು ಬೀಳ್ತಾ ಉಂಟು.”

“ಎಂತದ್ದು? ಎಂತ ಉಂಟು ಅಲ್ಲಿ?” ವಾಮನರು ನಮ್ಮಿಬ್ಬರ ಮುಖವನ್ನೂ ತೆಂಗಿನ ಸಾಲಿನ ಮೇಲಿನ ತಮ್ಮ ಬರಿ ಆಕಾಶವನ್ನೂ ನೋಡುತ್ತಿದ್ದರು.

“ತಡೀರಿ ವಾಮನಣ್ಣಾ, ಬರ್ದ ತೋರಸ್ತೀನಿ.” ಚೀಲದಿಂದ ಹಾಳೆ ಬಂತು, ಡಬ್ಬಿ ಬಂತು. ಕುಂಚ ಅದ್ದಲಿಕ್ಕೆ ನೀರೆಂದು ಬುತ್ತಿಯ ಜೊತೆ ತಂದಿದ್ದ ಕುಡಿಯುವ ನೀರನ್ನೇ ಕೊಟ್ಟೆ. ಬರೆಯುತ್ತ ಬರೆಯುತ್ತ ಅವರೇ ಮಾತಾಡಿಕೊಳ್ಳುತ್ತಿದ್ದರು. “ಈ ಸಮುದ್ರ ಕಾಣತಿದ್ದರ ನಾ ಇಲ್ಲೀ ತನಕ ಬರತಿದ್ದೇನು? ಆ ನೀರ ನೋಡಿ ದಂಡೀ ಮ್ಯಾಲ ಕುಂತ ಸಾಯತಿದ್ದೆ.” ಮೂರು ಸಾಲೂ ಹಾಳೆಯ ಮೇಲೆ ಏರಿದವು. ಕೆಳಗಿನ ಅರ್ಧ ಹಾಳೆಯನ್ನು ಖಾಲಿ ಬಿಟ್ಟು, ಕುಂಚವನ್ನು ವಾಮನರ ಕಡೆ ಚಾಚಿದರು. “ತೆಳಗಿಂದು ನಿಮ್ಮ ಪಾಲು.”

ವಾಮನರು ಕೈಯನ್ನು ಲುಂಗಿಗೆ ಒರೆಸಿಕೊಂಡು, ಮೊದಲು ಮೇಲಿನ ಅರ್ಧವನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ದೋಣಿ ತನ್ನಷ್ಟಕ್ಕೇ ಒಂದು ಸುತ್ತು ತಿರುಗಿತು. ಆಮೇಲೆ ನಮ್ಮಿಬ್ಬರಿಗೂ ಕಾಣದ ನೀರನ್ನು ಕೆಳಗೆ ಬರೆದರು.

ದಡಕ್ಕೆ ಬರುವಾಗ ಮಾಸ್ಟ್ರು ಕೇಳಿದರು, “ನಾಳೆ ಹವಾ ಹಿಂಗ ಇರತದೇನು?”

“ಇರ್ತದೆ. ನಾಳಿದ್ದೂ ಇರ್ತದೆ.”

“ಬೆಳಿಗ್ಗೆ ಬೆಳಕಿನಾಗ ಆ ಮೂರನೇ ಸಾಲು ಹ್ಯಾಂಗ ಕಾಣತದೋ ನೋಡಬೇಕಲ್ಲ.” ಚೀಲವನ್ನು ಹೆಗಲಿಗೆ ಏರಿಸಿಕೊಂಡು, “ತಮ್ಮನ ಮಗಗ ಬರಾಂಗಿಲ್ಲ ಅಂತ ಹೇಳಿಬಿಡ್ತೀನಿ,” ಎಂದರು. ವಾಮನರು ಹುಟ್ಟನ್ನು ಜೋರಾಗಿ ಹಾಕಿದರು.

ಆ ಚಿತ್ರ ಶಾಲೆಯಲ್ಲಿ ತೂಗಿದ ಮೇಲೆ ಘಟ್ಟಗಣ್ಣಿನವರೂ ದೋಣಿ ಹತ್ತಲು ಶುರುಮಾಡಿದರು. ಶೀನಪ್ಪಣ್ಣನ ಮಕ್ಕಳು ಭಾನುವಾರ ಅವರನ್ನು ಕರೆದುಕೊಂಡು ಹೋಗುತ್ತಿದ್ದರು; ಮುದುಕಿಯರು ದೋಣಿಯಲ್ಲಿ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತ ಹೋಗಿ, ಬರುವಾಗ ಬಾಯಿಬಿಟ್ಟುಕೊಂಡು ಬರುತ್ತಿದ್ದರು. ಬಾಗಿ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅವಳನ್ನೊಮ್ಮೆ ಕೂರಿಸಿಕೊಂಡು ಹೋಗಬೇಕಿತ್ತು ಎಂದು ಮಾಸ್ಟ್ರು ಈಗಲೂ ಹೇಳುತ್ತಾರೆ. ಅವರು ನಮ್ಮ ಮನೆಯ ಪಕ್ಕದಲ್ಲೇ ಇದ್ದಾರೆ. ಮಧ್ಯಾಹ್ನದ ಊಟ ನಮ್ಮಲ್ಲಿ. ಅವರಿಗೆ ನಾನು ಬೇರೆ ಒಲೆಯಲ್ಲಿ ಬೇಳೆ ಸಾರು ಮಾಡುತ್ತೇನೆ.

ಮಳೆ ಬಿಟ್ಟು ಆಕಾಶ ತಿಳಿಯಾದ ಒಂದು ದಿನ ವಾಮನರು ಊಟದ ನಡುವೆ ಕೇಳಿದರು. “ಗುಲಾಬಿ, ಘಟ್ಟದ ಮೇಲಿಂದ ಕಡಲು ಹೇಗೆ ಕಾಣ್ತದೋ? ಅಲ್ಲಿಗೆ ಹೋಗುವವರಿಗೆ ಯಾರಿಗೂ ಕಡಲುಗಣ್ಣಿಲ್ಲ. ಕರ್ಕೊಂಡು ಹೋಗ್ತೀಯಾ ನನ್ನನ್ನು?”

ಮರುದಿನವೇ ಹೊರಟೆವು. ಮಾಸ್ಟ್ರೂ ಕೋಲು ಹಿಡಿದು ಬಂದರು. ಗದ್ದೆ ಮುಗಿದಲ್ಲಿ ವಾಮನರು ನಿಂತರು. ಅವರಿಗೆ ಅಲ್ಲಿಂದ ಮುಂದೆ ಕಾಲಿಡಲು ಏನೂ ಇರಲಿಲ್ಲ. ನಾನು ಅವರ ಕೈ ಹಿಡಿದೆ. “ಕಲ್ಲು ಉಂಟು, ಕಾಲೆತ್ತಿ. ಇಲ್ಲಿ ಬೇರು. ಈಗ ಎಡಕ್ಕೆ.” ನಡುಗುವ ನನ್ನನ್ನು ಅವರು ಬಿಳುಪಿನ ಮೇಲೆ ಹೊತ್ತುಕೊಂಡು ಹೋದ ಹಾಗೆ ನಾನು ಅವರನ್ನು ಆಕಾಶದ ಮೇಲೆ ನಡೆಸಿಕೊಂಡು ಹೋದೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದರು. ಮೇಲೆ ಒಂದು ಹಾಸುಬಂಡೆ ಸಿಕ್ಕಿತು. ಅವರನ್ನು ಅದರ ಮೇಲೆ ಕೂರಿಸಿ, ಹೆಗಲು ಹಿಡಿದು ಪಡುವಕ್ಕೆ ತಿರುಗಿಸಿ, “ಈಗ ಬಿಡಿ ಕಣ್ಣು,” ಎಂದೆ.

ಅವರು ಕಣ್ಣು ಬಿಟ್ಟರು. ಬಾಯಿ ತೆರೆಯಿತು. ನಾನೂ ಮಾಸ್ಟ್ರೂ ಅವರು ನೋಡಿದ ಕಡೆಗೇ ನೋಡಿದೆವು. ತೆಂಗಿನ ತಲೆಗಳು, ಮರಳಿನ ಗೆರೆ, ಆಮೇಲೆ ಬಿಳಿ. ನಾವಿಬ್ಬರೂ ಅದನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತ ಕೂತೆವು. ಅದರ ಮೇಲೆ ಏನೇನೋ ಹಾದು ಹೋಗುತ್ತಿತ್ತು. ಮಾಸ್ಟ್ರು ಸದ್ದಿಲ್ಲದೆ ಚೀಲದಿಂದ ಹಲಗೆ ತೆಗೆದು, ಹಾಳೆ ಸಿಕ್ಕಿಸಿ, ಅವರ ತೊಡೆಯ ಮೇಲೆ ಇಟ್ಟರು.

ನನಗೆ ತಡೆಯಲಾಗಲಿಲ್ಲ. “ಎಂತ ಕಾಣ್ತದೆ? ಹೇಳಿಯಾದರೂ ಹೇಳಿ!”

ವಾಮನರು ಕಣ್ಣು ಕದಲಿಸದೆ ಕೈಯನ್ನು ಮಾತ್ರ ಕುಂಚಕ್ಕೆ ಚಾಚಿದರು. “ಸ್ವಲ್ಪ ತಾಳು ಗುಲಾಬಿ,” ಎಂದರು. “ಬರ್ದು ಕೊಡ್ತೇನೆ.”